ಸಮುದ್ರದ ರಿಗ್‌ನಲ್ಲಿ ಫೈಬರ್ ಸೆನ್ಸರ್: ನೀವು ಕೇಳಿದ್ದು, ನಾನು ಹೇಳಿದ್ದು

ಎಲ್ಲರಿಗೂ ನಮಸ್ಕಾರ. ನಾನು ಇನ್‌ಸ್ಟ್ರುಮೆಂಟೇಶನ್ ಎಂಜಿನಿಯರ್. ಹದಿನಾರು ವರ್ಷದ ಕೆಲಸದಲ್ಲಿ ಹೆಚ್ಚಿನದು ಸಮುದ್ರದ ಮೇಲೆಯೇ, ಮುಂಬೈ ಹೈ ತೈಲಕ್ಷೇತ್ರದ ಕಡೆ. ಈಗ ರಜೆಯಲ್ಲಿ ಊರಿಗೆ ಬಂದಿದ್ದೇನೆ. ಆಯಿಲ್ ರಿಗ್‌ಗಳಲ್ಲಿ ಸುರಕ್ಷತೆಗೆ ಫೈಬರ್ ಸೆನ್ಸರ್ (ಬೆಳಕು ಸಾಗುವ ಗಾಜಿನ ಎಳೆಯಿಂದ ಅಳೆಯುವ ಸಾಧನ) ಹೇಗೆ ಬಳಸುತ್ತಾರೆ ಅಂತ ಕೆಲವರು ಕೇಳಿದ್ದಿರಿ. ಇಲ್ಲೇ ಕೇಳಿ, ಒಂದೊಂದಾಗಿ ಬರೆಯುತ್ತೇನೆ.

ಪ್ರಶ್ನೆ (ದಾವಣಗೆರೆ, ಇ ಅಂಡ್ ಸಿ ಕೊನೆ ವರ್ಷ): ಸರ್, ಇಂಟರ್ನೆಟ್ ತರುವ ಫೈಬರ್ ಥರದ್ದೇ ಸೆನ್ಸರ್ ಆಗುತ್ತದೆ ಅಂತ ಓದಿದೆ. ಅದು ಹೇಗೆ? ಡ್ರಿಲ್ ಬಿಟ್‌ಗೇ ಕಟ್ಟಿ ಒಳಗೆ ಬಿಡುತ್ತಾರಾ?

ಉತ್ತರ: ಮೊದಲು ಬಿಟ್ ವಿಷಯ ಮುಗಿಸುತ್ತೇನೆ, ಯಾಕೆಂದರೆ ತುಂಬಾ ಜನ ಹಾಗೇ ಅಂದುಕೊಂಡಿರುತ್ತಾರೆ. ಬಿಟ್‌ಗೆ, ಅಂದರೆ ಬಾವಿ ಕೊರೆಯುವ ತುದಿಗೆ, ಕಟ್ಟಲ್ಲ ತಮ್ಮಾ. ಡ್ರಿಲ್ ಪೈಪ್ ಅಂದರೆ ಸುಮಾರು ಒಂಬತ್ತು ಮೀಟರಿನ ತುಂಡುಗಳನ್ನು ಒಂದಕ್ಕೊಂದು ತಿರುಚಿ ಸೇರಿಸಿದ ಸರಪಳಿ, ಅದೂ ಗಿರಗಿರ ತಿರುಗುತ್ತಿರುತ್ತದೆ. ಅದಕ್ಕೆ ಕಟ್ಟಿದ ಫೈಬರ್ ಉಳಿಯಲ್ಲ. ಬಿಟ್ ಹತ್ತಿರದ ಸುದ್ದಿ ಸಾಮಾನ್ಯವಾಗಿ ಡ್ರಿಲಿಂಗ್ ಮಡ್‌ನಲ್ಲಿ (ಕೊರೆಯುವಾಗ ಬಾವಿಯೊಳಗೆ ಹರಿಸುವ ಕೆಸರಿನಂಥ ದ್ರವ) ಎಬ್ಬಿಸುವ ಒತ್ತಡದ ಅಲೆಗಳಾಗಿ ಮೇಲೆ ಬರುತ್ತದೆ. ಫೈಬರ್ ಹೋಗುವುದು ತಿರುಗದ ಭಾಗಗಳಿಗೆ: ಸಮುದ್ರದ ತಳದಿಂದ ಮೇಲಕ್ಕೆ ಬರುವ ರೈಸರ್ ಪೈಪು, ಬಾವಿಗೆ ಹಾಕುವ ಉಕ್ಕಿನ ಕೊಳವೆಯ (ಕೇಸಿಂಗ್) ಹೊರಮೈ, ಪ್ಲಾಟ್‌ಫಾರ್ಮ್ ಕಾಲುಗಳು, ಕ್ರೇನ್ ನಿಂತಿರುವ ಕಂಬ, ಗ್ಯಾಸ್ ಪೈಪು.

ಇನ್ನು ಹೇಗೆ ಅಂತ. ಆಳದ ಬಾವಿಗೆ ಬಾಗಿ ಕೂಗಿದರೆ ದನಿ ವಾಪಸ್ ಬರುತ್ತಲ್ವಾ, ಹಾಗೇ ಇದು. ಒಂದು ತುದಿಯಿಂದ ಬೆಳಕಿನ ಒಂದು ಚಿಕ್ಕ ಮಿಡಿತ ಬಿಡುತ್ತೇವೆ. ಗಾಜಿನ ಉದ್ದಕ್ಕೂ ಪ್ರತಿ ಜಾಗದಿಂದ ಅದರ ಒಂದು ಚೂರು ಹಿಂದಕ್ಕೆ ಬರುತ್ತದೆ. ಫೈಬರ್ ಒಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಅಂದರೆ ಒಂದು ಮೀಟರ್ ದೂರಕ್ಕೆ ಹೋಗಿ ಬರಲು ಸುಮಾರು 10 ನ್ಯಾನೋಸೆಕೆಂಡ್. ಎಷ್ಟು ತಡವಾಗಿ ಬಂತು ಅನ್ನುವುದರಲ್ಲಿ ಎಲ್ಲಿಂದ ಬಂತು ಅನ್ನುವುದು ಗೊತ್ತಾಗುತ್ತದೆ. ಹಾಗೆ ಬಂದ ಬೆಳಕಿನಲ್ಲಿ ಒಂದು ಸಣ್ಣ ಪಾಲು ಬಣ್ಣ ಬದಲಿಸಿಕೊಂಡಿರುತ್ತದೆ. ಅದೇ ರಾಮನ್ ಪರಿಣಾಮ, 1928ರಲ್ಲಿ ಕಲ್ಕತ್ತದಲ್ಲಿ ಸಿ.ವಿ. ರಾಮನ್ ಕಂಡುಹಿಡಿದಿದ್ದು, ಆಮೇಲೆ ಅವರು ಬೆಂಗಳೂರಿಗೇ ಬಂದು ನೆಲೆಸಿದರು. ಆ ಪಾಲು ಎಷ್ಟು ಜೋರಾಗಿದೆ ಅನ್ನುವುದು ಗಾಜಿನ ಬಿಸಿಯ ಮೇಲೆ ನಿಂತಿದೆ. ಹೀಗೆ ಕಿಲೋಮೀಟರುಗಟ್ಟಲೆ ಫೈಬರ್‌ನ ಪ್ರತಿ ಮೀಟರೂ ಒಂದು ಥರ್ಮಾಮೀಟರ್ ಆಗುತ್ತದೆ. ಇದಕ್ಕೆ ಡಿಟಿಎಸ್ ಅನ್ನುತ್ತೇವೆ. ಒತ್ತಡದಲ್ಲಿರುವ ಗ್ಯಾಸ್ ಸಣ್ಣ ತೂತಿನಿಂದ ಹೊರಗೆ ನುಗ್ಗಿದರೆ ಆ ಜಾಗ ತಣ್ಣಗಾಗುತ್ತದೆ. ಪರದೆ ಮೇಲೆ ಗೆರೆ ಅಲ್ಲೇ ಕುಸಿಯುತ್ತದೆ. ಮೊದಲ ಸಲ ಅದನ್ನು ನೋಡಿದಾಗ ಮೈ ಜುಮ್ಮೆಂದಿತ್ತು.

ಇನ್ನೊಂದು ಬಗೆ ಎಫ್‌ಬಿಜಿ. ಫೈಬರ್‌ನ ನಡುವಿನ ಎಳೆಯಲ್ಲಿ ಅಲ್ಟ್ರಾವಯೊಲೆಟ್ ಬೆಳಕಿನಿಂದ ಒಂದೇ ಅಂತರದಲ್ಲಿ ಸಾವಿರಾರು ಗೆರೆ ಮೂಡಿಸಿರುತ್ತಾರೆ. ಅದು ಒಂದೇ ಒಂದು ಬಣ್ಣವನ್ನು ವಾಪಸ್ ಕಳಿಸುತ್ತದೆ, ಸಾಮಾನ್ಯವಾಗಿ 1550 ನ್ಯಾನೋಮೀಟರ್ ಆಸುಪಾಸಿನದು. ಫೈಬರ್ ಹಿಗ್ಗಿದರೆ ಗೆರೆಗಳ ಅಂತರ ಹೆಚ್ಚಿ ಆ ಬಣ್ಣ ಸರಿಯುತ್ತದೆ. ಉಕ್ಕಿಗೆ ಅಂಟಿಸಿದರೆ ಉಕ್ಕು ಎಷ್ಟು ಎಳೆದುಕೊಂಡಿತು ಅಂತ ಹೇಳುತ್ತದೆ.

ಪ್ರಶ್ನೆ (ಅದೇ ವಿದ್ಯಾರ್ಥಿ): ಅದಕ್ಕೆ ಮಾಮೂಲಿ ಸ್ಟ್ರೈನ್ ಗೇಜ್ (ಎಳೆತವನ್ನು ಕರೆಂಟಿನಿಂದ ಅಳೆಯುವ ಸೆನ್ಸರ್) ಸಾಲದಾ ಸರ್? ಕಿಡಿ ಹಾರಬಾರದು ಅಂತಲಾ ಫೈಬರ್?

ಉತ್ತರ: ಕಿಡಿ ಒಂದು ಕಾರಣ. ಅಳೆಯುವ ಜಾಗದಲ್ಲಿ ಕರೆಂಟೇ ಇರುವುದಿಲ್ಲ. ಪಕ್ಕದಲ್ಲಿ ದೊಡ್ಡ ಮೋಟರ್ ಶುರುವಾದರೂ ರೀಡಿಂಗ್ ಕದಡಲ್ಲ. ಒಂದೇ ಎಳೆಯಲ್ಲಿ ಹತ್ತಾರು ಎಫ್‌ಬಿಜಿ ಕೂರಿಸಬಹುದು, ತಂತಿ ಆಗಿದ್ದರೆ ಒಂದೊಂದಕ್ಕೂ ಬೇರೆ ಕೇಬಲ್ ಎಳೆಯಬೇಕಿತ್ತು.

ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಬೆಳಕು ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂತಲ್ಲ. ತುಂಡಾದ ಫೈಬರ್‌ನಿಂದ ಜೋರು ಬೆಳಕು ಹೊರಬಿದ್ದು ಒಂದು ಮಸಿಯ ಕಣಕ್ಕೆ ತಾಗಿದರೆ ಅದು ಕಾದು ಕೆಂಪಾಗಿ ಗ್ಯಾಸ್ ಹೊತ್ತಿಸಬಹುದು. ಇದಕ್ಕೇ ಅಂತ ಐಇಸಿ 60079-28 ಅನ್ನುವ ಮಾನದಂಡ ಇದೆ. ಪ್ರಾಜೆಕ್ಟ್ ಮಾಡುವಾಗ ಅದನ್ನು ಓದು.

ಪ್ರಶ್ನೆ (ಮಂಗಳೂರು): ಅಣ್ಣಾ, ನಾನು ಮನೆಮನೆಗೆ ಫೈಬರ್ ಎಳೆದು ಸ್ಪ್ಲೈಸಿಂಗ್ ಮಾಡುವವನು. ನಿಮ್ಮ ಕಡೆ ಜಾಸ್ತಿ ಕೈಕೊಡುವುದು ಯಾವುದು?

ಉತ್ತರ: ನಿಮಗೆ ಗೊತ್ತಿರುವುದೇ, ಕನೆಕ್ಟರ್! ಬೆಳಕು ಹೋಗುವ ದಾರಿ ಒಂಬತ್ತು ಮೈಕ್ರಾನ್ ಅಗಲ, ತಲೆಕೂದಲಿಗಿಂತ ಎಷ್ಟೋ ಸಣ್ಣದು. ಸಮುದ್ರದ ಗಾಳಿಯಲ್ಲಿ ಉಪ್ಪು. ಮುಚ್ಚಳ ತೆಗೆದು ಎರಡು ನಿಮಿಷ ಮಾತಾಡುತ್ತ ನಿಂತರೆ ಸಾಕು, ಮತ್ತೆ ಒರೆಸಬೇಕು. ಬಾವಿಯ ಒಳಗೆ ಇನ್ನೊಂದು ಕಾಟ ಇದೆ: ಬಿಸಿಯಲ್ಲಿ ಹೈಡ್ರೋಜನ್ ಗಾಜಿನೊಳಗೆ ಸೇರಿಕೊಂಡು ಬೆಳಕು ನುಂಗಲು ಶುರುಮಾಡುತ್ತದೆ, ವರ್ಷಗಳಾದಂತೆ ಫೈಬರ್ ಮಂಕಾಗುತ್ತದೆ. ಅದಕ್ಕೆ ಅಲ್ಲಿ ಇಂಗಾಲದ ಲೇಪನ ಇರುವ ಫೈಬರ್ ಹಾಕುತ್ತಾರೆ.

ಆದರೆ ನನಗೆ ನಿಜವಾಗಿ ಭಯ ಹುಟ್ಟಿಸುವುದು ತುಂಡಾದ ಫೈಬರ್ ಅಲ್ಲ. ತುಂಡಾದರೆ ಓಟಿಡಿಆರ್ (ಬೆಳಕು ಬಿಟ್ಟು ಫೈಬರ್ ಎಲ್ಲಿ ತುಂಡಾಗಿದೆ ಅಂತ ತೋರಿಸುವ ಯಂತ್ರ) ಹಾಕಿದ ಕೂಡಲೇ ಗೊತ್ತಾಗುತ್ತದೆ. ಭಯ ಅಂಟು ಬಿಟ್ಟ ಸೆನ್ಸರ್‌ದು. ಒಮ್ಮೆ ಒಂದು ಕ್ರೇನ್ ಕಂಬಕ್ಕೆ ನಾವು ಆರು ಎಫ್‌ಬಿಜಿ ಅಂಟಿಸಿದ್ದೆವು. ಒಂದರ ಕೆಳಗೆ ಕಂಬದ ಪೇಂಟ್ ಪೂರ್ತಿ ಕೆರೆದಿರಲಿಲ್ಲ. ಕೆಲವು ತಿಂಗಳಲ್ಲಿ ಅಂಟು ಸಡಿಲವಾಯಿತು. ಪರದೆಯಲ್ಲಿ ಮಾತ್ರ ಎಲ್ಲ ಹಸಿರು, ಆ ಸೆನ್ಸರ್ ಉಳಿದ ಐದಕ್ಕಿಂತ ಶಾಂತವಾಗಿತ್ತು. ಮಳೆಗಾಲದ ಒಂದು ರಾತ್ರಿ ಅಲೆಗಳು ಎದ್ದು ಇಡೀ ಕಬ್ಬಿಣ ಅಲ್ಲಾಡುತ್ತಿತ್ತು, ಟೇಬಲ್ ಮೇಲಿನ ಚಹಾ ತುಳುಕುತ್ತಿತ್ತು. ಐದು ಗೆರೆ ಕುಣಿಯುತ್ತಿದ್ದವು, ಆರನೆಯದು ಮಟ್ಟಸವಾಗಿ ಮಲಗಿತ್ತು. ಆಗ ಗೊತ್ತಾಯಿತು. ಅಂದಿನಿಂದ ಅಲಾರಂ ಹೊಡೆದ ಸೆನ್ಸರ್ ಜೊತೆಗೆ ತೀರಾ ಸುಮ್ಮನಿರುವ ಸೆನ್ಸರ್ ಅನ್ನೂ ದಿನಾ ನೋಡುತ್ತೇನೆ.

ಬಿಸಿಲಿನದ್ದೂ ಲೆಕ್ಕ ಇಡಬೇಕು. ಒಂದು ಡಿಗ್ರಿ ಬಿಸಿ ಏರಿದರೆ ಎಫ್‌ಬಿಜಿ ಬಣ್ಣ ಸುಮಾರು 10 ಪಿಕೋಮೀಟರ್ ಸರಿಯುತ್ತದೆ. ಉಕ್ಕನ್ನು ಎಳೆದರೂ ಸರಿಯುವುದು ಅದೇ ಬಣ್ಣ. ಬೆಳಗ್ಗೆ ತಣ್ಣಗಿದ್ದ ಕಂಬ ಮಧ್ಯಾಹ್ನ ಕೈ ಇಡಲಾಗದಷ್ಟು ಕಾಯುತ್ತದೆ. ಪಕ್ಕದಲ್ಲಿ ಎಳೆತ ತಾಗದ ಹಾಗೆ ಇನ್ನೊಂದು ಸೆನ್ಸರ್ ಇಟ್ಟು ಬಿಸಿಯ ಪಾಲು ಕಳೆಯದಿದ್ದರೆ ಆ ಅಳತೆಗೆ ಬೆಲೆಯೇ ಇಲ್ಲ.

ಪ್ರಶ್ನೆ (ಬೆಂಗಳೂರು, ಸಾಫ್ಟ್‌ವೇರ್): ಡೀಪ್‌ವಾಟರ್ ಹೊರೈಜನ್‌ನಲ್ಲಿ ಇದೆಲ್ಲ ಇದ್ದಿದ್ದರೆ ಅನಾಹುತ ತಪ್ಪುತ್ತಿತ್ತಾ ಸರ್?

ಉತ್ತರ: ಸುಲಭಕ್ಕೆ ಹೌದು ಅನ್ನಲ್ಲ. 2010ರ ಏಪ್ರಿಲ್ 20, ಮೆಕ್ಸಿಕೋ ಕೊಲ್ಲಿ, ಆ ರಿಗ್‌ನ ಬಾವಿಯಿಂದ ಗ್ಯಾಸ್ ನುಗ್ಗಿ ಸ್ಫೋಟವಾಗಿ 11 ಜನ ಸತ್ತರು. ಆ ಸಂಜೆ ಬಾವಿ ಸರಿಯಾಗಿ ಮುಚ್ಚಿದೆಯಾ ಅಂತ ಒತ್ತಡದ ಪರೀಕ್ಷೆ ಮಾಡಿದ್ದರು. ಡ್ರಿಲ್ ಪೈಪಿನಲ್ಲಿ 1400 ಪಿಎಸ್‌ಐ ಒತ್ತಡ ತೋರಿಸುತ್ತಿತ್ತು. ಅದೇ ಬಾವಿಗೆ ಸೇರುವ ಇನ್ನೊಂದು ಪೈಪು, ಕಿಲ್ ಲೈನಿನಲ್ಲಿ, ಏನೂ ಹರಿಯುತ್ತಿರಲಿಲ್ಲ. ಎರಡೂ ಒಂದಕ್ಕೊಂದು ಹೊಂದಲ್ಲ. ಅಲ್ಲಿದ್ದವರು ಅದಕ್ಕೊಂದು ಕಾರಣ ಹುಡುಕಿಕೊಂಡು ಪರೀಕ್ಷೆ ಪಾಸು ಅಂದುಬಿಟ್ಟರು. ನೋಡಿ, ಅಳತೆ ಅಲ್ಲೇ ಇತ್ತು. ಕಣ್ಣೆದುರೇ ಇತ್ತು. ಇನ್ನೂ ಐವತ್ತು ಸೆನ್ಸರ್ ಇದ್ದಿದ್ದರೂ ಅದೇ ಮನಸ್ಸಿನಲ್ಲಿ ಓದಿದ್ದರೆ ಏನು ಬದಲಾಗುತ್ತಿತ್ತು?

ಫೈಬರ್‌ನಿಂದ ಸಹಾಯ ಆಗಬಹುದಾದ ಜಾಗವೂ ಅಲ್ಲಿತ್ತು. ಬಾವಿ ಮುಚ್ಚಬೇಕಿದ್ದ ಬಿಒಪಿ ಅನ್ನುವ ದೊಡ್ಡ ಕವಾಟ ಸಮುದ್ರದ ತಳದಲ್ಲಿ, ಸುಮಾರು 1500 ಮೀಟರ್ ಕೆಳಗೆ. ಒಳಗಿನ ಪೈಪು ಬಾಗಿ ಒಂದು ಪಕ್ಕಕ್ಕೆ ಸರಿದಿತ್ತು, ಕತ್ತರಿಸುವ ಅಲಗು ಅದನ್ನು ಪೂರ್ತಿ ಕತ್ತರಿಸಲಿಲ್ಲ. ಪೈಪು ನಡುವೆ ಇಲ್ಲ ಅಂತ ಮೇಲಿದ್ದವರಿಗೆ ತಿಳಿಯುವ ದಾರಿ ಇರಲಿಲ್ಲ. ಕಣ್ಣಿಗೆ ಕಾಣದ ಇಂಥ ಜಾಗಗಳಲ್ಲಿ ಸೆನ್ಸರ್ ಹಾಕಿ ಅನ್ನುತ್ತೇನೆ ನಾನು. ಜೊತೆಗೆ, ಯಾವ ಅಂಕಿ ಬಂದರೆ ಯಾರು ಕೆಲಸ ನಿಲ್ಲಿಸಬೇಕು ಅನ್ನುವುದು ಮೊದಲೇ ಕಾಗದದ ಮೇಲೆ ಇರಬೇಕು. ರಾತ್ರಿ ಪಾಳಿಯಲ್ಲಿ, ಕೆಲಸ ತಡವಾಗಿರುವಾಗ, ನಿಂತು ಚರ್ಚೆ ಮಾಡುವ ಹಾಗೆ ಬಿಡಬಾರದು.

ಪ್ರಶ್ನೆ (ಕುಮಟಾ): ನನಗೆ ಈ ಯಂತ್ರಗಳ ವಿಷಯ ತಿಳಿಯದು. ಮಗ ಹೋದ ತಿಂಗಳು ಮುಂಬೈ ಹತ್ತಿರದ ರಿಗ್‌ಗೆ ಕೆಲಸಕ್ಕೆ ಸೇರಿದ್ದಾನೆ. ಈ ಸೆನ್ಸರ್ ಇದ್ದರೆ ಅವನಿಗೆ ಭಯ ಇಲ್ಲವಾ?

ಉತ್ತರ: ಅಮ್ಮಾ, ನಿಮಗೆ ಸುಳ್ಳು ಧೈರ್ಯ ಹೇಳಲು ಮನಸ್ಸಿಲ್ಲ. 2005ರ ಜುಲೈ 27ರಂದು ಮುಂಬೈ ಹೈ ನಾರ್ತ್ ಪ್ಲಾಟ್‌ಫಾರ್ಮ್‌ನಲ್ಲಿ ಬೆಂಕಿ ಬಿತ್ತು. ಮುಂಬೈಗೆ ಮುಂಬೈಯೇ ಮಳೆಯಲ್ಲಿ ಮುಳುಗಿದ್ದ ದಿನಗಳು ಅವು, ಹೆಲಿಕಾಪ್ಟರ್ ಹಾರುವ ಹಾಗಿರಲಿಲ್ಲ. ಬೆರಳಿಗೆ ಪೆಟ್ಟಾದ ಅಡುಗೆಯವರನ್ನು ಚಿಕಿತ್ಸೆಗೆ ಪ್ಲಾಟ್‌ಫಾರ್ಮ್‌ಗೆ ಹತ್ತಿಸಲು ಒಂದು ಹಡಗು ಹತ್ತಿರ ಬಂತು, ಅಲೆಗೆ ಸಿಕ್ಕಿ ಗ್ಯಾಸಿನ ರೈಸರ್‌ಗೆ ಬಡಿಯಿತು. 22 ಜನರನ್ನು ಕಳೆದುಕೊಂಡೆವು. ಹಡಗು ಬಂದು ಬಡಿಯುವುದನ್ನು ಯಾವ ಫೈಬರೂ ತಡೆಯಲ್ಲ. ಹಾಗಾಗಿ ಸೆನ್ಸರ್ ಒಂದರ ಮೇಲೇ ಭರವಸೆ ಇಡುವ ಹಾಗಿಲ್ಲ.

ಆದರೆ ಆ ದಿನ ಮುನ್ನೂರಕ್ಕೂ ಹೆಚ್ಚು ಜನ ಬದುಕಿ ಬಂದರು, ಅದನ್ನೂ ಹೇಳಬೇಕು. ಎಲ್ಲಿಗೆ ಓಡಬೇಕು, ಯಾವ ಬೋಟ್ ಹತ್ತಬೇಕು ಅನ್ನುವುದು ಕಾಲಿಗೆ ಅಭ್ಯಾಸ ಆಗಿರಬೇಕಮ್ಮ. ಅದಕ್ಕೇ ಅಪಾಯದಲ್ಲಿ ಎಲ್ಲರೂ ಸೇರುವ ಜಾಗಕ್ಕೆ, ಅಂದರೆ ಮಸ್ಟರ್ ಸ್ಟೇಷನ್‌ಗೆ, ಓಡುವ ಅಭ್ಯಾಸವನ್ನು ಮಸ್ಟರ್ ಡ್ರಿಲ್ ಅಂತ ಮತ್ತೆ ಮತ್ತೆ ಮಾಡಿಸುತ್ತಾರೆ. ಹುಡುಗರಿಗೆ ಬೇಜಾರು ಬರುತ್ತದೆ. ಇವತ್ತು ಅವನು ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳಿದ ಮೇಲೆ, ನಿನ್ನ ಮಸ್ಟರ್ ಸ್ಟೇಷನ್ ಎಲ್ಲಿ, ನಿನ್ನ ಲೈಫ್‌ಬೋಟ್ ನಂಬರ್ ಎಷ್ಟು ಅಂತ ಕೇಳಿ. ಯೋಚನೆ ಮಾಡದೆ ಹೇಳಬೇಕು. ತಡವರಿಸಿದರೆ, ಅಮ್ಮ ಕೇಳ್ತಿದ್ದಾಳೆ ಅಂತ ನೋಡಿಕೊಂಡು ಬರಲು ಹೇಳಿ.

ಕುಮಟಾದವರು: ಈಗ ಫೋನ್ ಬಂದಿತ್ತು. ಸ್ಟೇಷನ್ ಊಟದ ಹಾಲಿನ ಹಿಂದೆ ಅಂದ. ಬೋಟ್ ನಂಬರ್ ಕೇಳಿದರೆ ಒಂದು ನಿಮಿಷ ಇರಮ್ಮ ಅಂದು ಹೋದ, ನೋಡಿಕೊಂಡು ಬಂದು ಎರಡು ಅಂದ. ನಾಳೆಯೂ ಕೇಳುತ್ತೇನೆ.