ಜರ್ನಲಿಸಂ ಓದಿದವರ ಕೆಲಸ: ಗ್ರೂಪಿನ ಭಾನುವಾರದ ಪ್ರಶ್ನೋತ್ತರ

(ಉತ್ತರ: ಬಳ್ಳಾರಿಯ ಹಿರಿಯ ಉಪಸಂಪಾದಕಿ)

ಪೋಷಕ, ಸಿಂಧನೂರು: ಮೇಡಂ, ಮಗ ಬಿ.ಎ. ಪತ್ರಿಕೋದ್ಯಮ ಮುಗಿಸಿದ್ದಾನೆ. ಕೆಲಸ ಸಿಗುತ್ತಾ?

ಮೇಡಂ: ಸಿಗುತ್ತದೆ. ಟಿವಿಯಲ್ಲಿ ಮುಖ ಕಾಣಬೇಕು ಅಂತ ಹಟ ಹಿಡಿದರೆ ತಡ. ಡೆಸ್ಕ್ (ಕಚೇರಿಯಲ್ಲಿ ಕೂತು ಸುದ್ದಿ ತಿದ್ದುವ ಕೆಲಸ), ಆಕಾಶವಾಣಿ, ಅನುವಾದ, ವಿಡಿಯೊ ಎಡಿಟಿಂಗ್ ಎಲ್ಲ ನೋಡಲಿ. ತಪ್ಪಿಲ್ಲದ ಕನ್ನಡ, ಯೂನಿಕೋಡ್ ಟೈಪಿಂಗ್ ಮೊದಲು ಕಲಿಯಲಿ.

ವಿದ್ಯಾರ್ಥಿನಿ, ಸಿರುಗುಪ್ಪ: ಎಂ.ಎ. ಮುಗಿದು 8 ತಿಂಗಳಾಯಿತು. ಒಂದು ಯೂಟ್ಯೂಬ್ ಚಾನೆಲ್‌ನವರು ತಾಲ್ಲೂಕು ವರದಿಗಾರ್ತಿ ಮಾಡುತ್ತಾರಂತೆ. ಐಡಿ ಕಾರ್ಡ್, ಲೋಗೋಗೆ 25,000 ಡಿಪಾಸಿಟ್. ಸಂಬಳ ಇಲ್ಲ, ಜಾಹೀರಾತಿನಲ್ಲಿ ಕಮಿಷನ್. ಆರ್‌ಎನ್‌ಐ ನಂಬರ್ ಕೂಡ ತೋರಿಸಿದರು. ಅಪ್ಪ ಬಡ್ಡಿಗೆ ತರುತ್ತೇನೆ ಅನ್ನುತ್ತಿದ್ದಾರೆ.

ಮೇಡಂ: ತಂಗಿ, ಅಪ್ಪನಿಗೆ ಈಗಲೇ ಬೇಡ ಅನ್ನು. ಆರ್‌ಎನ್‌ಐ ಅಂದರೆ ಪತ್ರಿಕೆಗಳನ್ನು ನೋಂದಾಯಿಸುವ ಕೇಂದ್ರ ಸರ್ಕಾರದ ಕಚೇರಿ, ಈಗ ಅದರ ಹೆಸರು ಪಿಆರ್‌ಜಿಐ. ಆ ನೋಂದಣಿ ಇರುವುದು ಪತ್ರಿಕೆಗಳಿಗೆ. ಯೂಟ್ಯೂಬ್ ಚಾನೆಲ್‌ಗೆ ಆ ನಂಬರ್ ಕೊಡುವುದೇ ಇಲ್ಲ. ಅದಿರಲಿ, ಮುಂದಿನದು ಕೇಳು. ತಿಂಗಳಾದರೆ ಬಡ್ಡಿ ಕಟ್ಟಬೇಕು, ಕೈಗೆ ಸಂಬಳ ಇಲ್ಲ. ಸಾಹೇಬರ ಹುಟ್ಟುಹಬ್ಬಕ್ಕೆ ಜಾಹೀರಾತು ಕೊಡಿ ಅಂತ ಅಲೆಯುತ್ತೀಯ. ನಿನ್ನೆ ಜಾಹೀರಾತು ಕೊಟ್ಟವನ ಮರಳು ಲಾರಿ ಬಗ್ಗೆ ಇವತ್ತು ಹೇಗೆ ಬರೆಯುತ್ತೀಯ? ಜಾಹೀರಾತು ಸಿಗದ ತಿಂಗಳು ರೇಷನ್ ಅಂಗಡಿ ಮುಂದೆ ಮೈಕ್ ಹಿಡಿದು "ಸುದ್ದಿ ಹಾಕುತ್ತೇವೆ" ಅಂತ ಹೆದರಿಸುವ ಹಂತ ಬರುತ್ತದೆ. ಸುಲಿಗೆ ಕೇಸು ಬಿದ್ದರೆ ಹೆಸರು ನಿನ್ನದು. ಚಾನೆಲ್‌ನವರು "ಆಕೆ ಯಾರೋ ಗೊತ್ತಿಲ್ಲ" ಅನ್ನುತ್ತಾರೆ. ನನ್ನ ಹತ್ತಿರ ಕೆಲಸ ಕಲಿತ ಹುಡುಗನೊಬ್ಬ ಹೀಗೇ ಸಿಕ್ಕಿಬಿದ್ದು ಇನ್ನೂ ಕೋರ್ಟಿಗೆ ಅಲೆಯುತ್ತಿದ್ದಾನೆ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಂನ 19ನೇ ಗೇಟ್ ಕೊಚ್ಚಿಹೋಯಿತಲ್ಲ, ರೀಲ್ಸ್ ಮಾಡಿದವರಿಗೆ ಲೆಕ್ಕವಿಲ್ಲ. ನಿಮ್ಮೂರ ಭತ್ತದ ರೈತ ಕೇಳುತ್ತಿದ್ದದ್ದು ಎರಡನೇ ಬೆಳೆಗೆ ನೀರು ಉಳಿಯುತ್ತಾ ಅಂತ. ಕಾಲುವೆ ಮೇಲೆ ಓಡಾಡಿ ಅಂಥ ಮೂರು ವರದಿ ಬರೆದು ನನಗೆ ಕಳಿಸು. ಮಾರ್ಕ್ಸ್ ಕಾರ್ಡ್ ಬೇಡ.

ಸದಸ್ಯ, ಗಂಗಾವತಿ: *ಫಾರ್ವರ್ಡ್* 30 ದಿನದಲ್ಲಿ ಆ್ಯಂಕರ್ ಆಗಿ!! 100% ಕೆಲಸ ಗ್ಯಾರಂಟಿ!! 10 ಗ್ರೂಪ್‌ಗೆ ಕಳಿಸಿ 🙏

ಮೇಡಂ: ಇದು ಮೂರನೇ ಸಲ. ಗ್ಯಾರಂಟಿಯನ್ನು ಬರೆದು ಸಹಿ ಹಾಕಿ ಕೊಡಿ ಅಂತ ಅವರನ್ನೇ ಕೇಳಿ. ಫೋನ್ ಎತ್ತುವುದಿಲ್ಲ.

ವಿದ್ಯಾರ್ಥಿ, ರಾಯಚೂರು: ವಾರ್ತಾ ಇಲಾಖೆ ಹುದ್ದೆಗೆ 371(ಜೆ) (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಪ್ರಮಾಣಪತ್ರ ಈಗಲೇ ಮಾಡಿಸಿಡಬೇಕಾ?

ಯೂಟ್ಯೂಬರ್, ಕೊಪ್ಪಳ: ಅಂದರೆ ಯೂಟ್ಯೂಬ್‌ನವರೆಲ್ಲ ಕಳ್ಳರಾ ಮೇಡಂ? ಗವಿಮಠದ ಜಾತ್ರೆ ಲೈವ್ ಕೊಟ್ಟವನು ನಾನು. ಮರುದಿನ ಪೇಪರ್‌ನವರು ನನ್ನ ಫೋಟೊನೇ ಹಾಕಿಕೊಂಡರು, ಹೆಸರೂ ಇಲ್ಲ!

ಓದುಗ, ಮಾನ್ವಿ: ನಿಮ್ಮ ಹೆಡ್ಡಿಂಗ್ "ಬೆಚ್ಚಿಬಿದ್ದ ಕೊಪ್ಪಳ". ಒಳಗೆ ನೋಡಿದರೆ ಟೊಮೆಟೊ ರೇಟು.

ಯೂಟ್ಯೂಬರ್, ಕೊಪ್ಪಳ: ಒಳಗೆ ನೋಡಿದಿರಿ ಅಲ್ವಾ? ಅಷ್ಟು ಸಾಕು.

ಓದುಗ, ಮಾನ್ವಿ: ನಾಚಿಕೆ ಆಗಬೇಕು.

ಮೇಡಂ: ಇಬ್ಬರೂ ಸುಮ್ನಿರಿ. ಫೋಟೊ ಕದ್ದದ್ದು ತಪ್ಪು, ಒಪ್ಪುತ್ತೇನೆ. ನಾನು ಹೇಳಿದ್ದು ಡಿಪಾಸಿಟ್ ಕೇಳುವವರ ಬಗ್ಗೆ.

ಪೋಷಕ, ಬಳ್ಳಾರಿ: ಜರ್ನಲಿಸಂ ಮಾಡಿದರೆ ಕೆಲಸ ಸಿಗುತ್ತಾ?

ಮೇಡಂ: ಮೇಲೆ ಓದಿ.

ವಿದ್ಯಾರ್ಥಿ, ರಾಯಚೂರು: 371(ಜೆ) ಬಗ್ಗೆ ಯಾರಾದರೂ?

ಸದಸ್ಯ, ಗಂಗಾವತಿ: ಒಳ್ಳೇದಕ್ಕೆ ಕಳಿಸಿದರೂ ಬೈಗುಳ. ಗ್ರೂಪ್ ಬಿಡುತ್ತೇನೆ.

ಮೇಡಂ: ಸರಿ.

ವಿದ್ಯಾರ್ಥಿನಿ, ಸಿರುಗುಪ್ಪ: ಮೇಡಂ... ಅಪ್ಪ ನಿನ್ನೆಯೇ ಫೋನ್‌ಪೇನಲ್ಲಿ 5,000 ಕಳಿಸಿದ್ದಾರಂತೆ.

ಮೇಡಂ: ಸ್ಕ್ರೀನ್‌ಶಾಟ್ ತೆಗೆದಿಡು. ಈಗಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ. ಆಮೇಲೆ ನನಗೆ ಮಾಡು. ಅಪ್ಪನನ್ನು ಬೈಯಬೇಡ.