ಟೆಲಿಗ್ರಾಂನಲ್ಲಿ ಪಿಡಿಎಫ್ ಹಾಕಿದರೆ ಕೇಸು ಸೈಟಿನ ಮೇಲಾ, ಅಡ್ಮಿನ್ ಮೇಲಾ?

ಬಿಎಚ್‌ರೋಡ್_ಓದುಗ (ತುಮಕೂರು):
ನಮಸ್ಕಾರ. ನಾವೊಂದಿಷ್ಟು ಜನ ಇಲ್ಲಿ ರೂಮ್ ಮಾಡಿಕೊಂಡು ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದೇವೆ. ಒಂದು ಟೆಲಿಗ್ರಾಂ ಚಾನೆಲ್ ಇದೆ, ನಾನೂ ಅಡ್ಮಿನ್. ಕೋಚಿಂಗ್ ನೋಟ್ಸ್, ಗೈಡು, ಮಾಸಪತ್ರಿಕೆ ಎಲ್ಲ ಹಾಕುತ್ತೇವೆ. ಫೈಲ್ ದೊಡ್ಡದಾದರೆ ಬೇರೆ ಫೈಲ್ ಶೇರಿಂಗ್ ಸೈಟಿಗೆ ಏರಿಸಿ ಲಿಂಕ್ ಕೊಡುತ್ತೇವೆ. ಯಾರ ಹತ್ತಿರವೂ ಒಂದು ಪೈಸೆ ತಗೊಂಡಿಲ್ಲ. ಈಗ ಆ ಸೈಟ್ ತೆರೆದರೆ ಕೋರ್ಟ್ ಆದೇಶದ ಮೇಲೆ ಬ್ಲಾಕ್ ಆಗಿದೆ ಅಂತ ಬರುತ್ತಿದೆ. ಇನ್ನೊಬ್ಬ ಅಡ್ಮಿನ್ "ಕೇಸು ಸೈಟಿನವರ ಮೇಲೆ ತಾನೆ, ನಮಗೇನು, ಬೇರೆ ಸೈಟಿಗೆ ಹಾಕು" ಅನ್ನುತ್ತಾನೆ. ಅವನು ಹೇಳೋದು ಸರಿನಾ?

ಕರಿಕೋಟು (ಚಿಕ್ಕಬಳ್ಳಾಪುರ):
ಅರ್ಧ ಸರಿ. ಸೈಟಿನ ಮೇಲಿನ ಕೇಸು ಬೇರೆ, ಏರಿಸಿದವನ ಮೇಲಿನದು ಬೇರೆ.

ಸೈಟಿನದ್ದು ಮೊದಲು. 2019ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ ಟೊರೆಂಟ್ ಸೈಟುಗಳ (ಬಳಕೆದಾರರು ಸಿನಿಮಾ, ಫೈಲುಗಳನ್ನು ಒಬ್ಬರಿಂದೊಬ್ಬರು ಇಳಿಸಿಕೊಳ್ಳಲು ಬಳಸುವ ಸೈಟುಗಳು) ವಿರುದ್ಧ ಒಂದು ತೀರ್ಪು ಕೊಟ್ಟಿತು. ಸೈಟ್ ನಡೆಯುವುದೇ ಮುಖ್ಯವಾಗಿ ಕದ್ದ ಮಾಲಿನಿಂದ ಅಂತಾದರೆ ಇಡೀ ಸೈಟನ್ನೇ ಬ್ಲಾಕ್ ಮಾಡಿಸಬಹುದು, ಅದೇ ಸೈಟ್ ನಾಳೆ ಬೇರೆ ವಿಳಾಸದಲ್ಲಿ ಎದ್ದರೆ ಹೊಸ ದಾವೆ ಹಾಕಬೇಕಿಲ್ಲ, ಅದೇ ತಡೆಯಾಜ್ಞೆಗೆ ಆ ವಿಳಾಸವನ್ನೂ ಸೇರಿಸಿದರೆ ಸಾಕು. ನೀವು ನೋಡಿದ್ದು ಇಂಥದ್ದೇ ಆದೇಶ ಇರಬಹುದು.

ಇನ್ನು ನಿಮ್ಮದು. 2022ರ ಆಗಸ್ಟ್‌ನಲ್ಲಿ ಅದೇ ಹೈಕೋರ್ಟಿಗೆ ಒಬ್ಬ ಕೋಚಿಂಗ್ ಟೀಚರ್ ಹೋಗಿದ್ದರು. ಅವರ ಪುಸ್ತಕ, ವೀಡಿಯೊ ಎಲ್ಲ ಟೆಲಿಗ್ರಾಂ ಚಾನೆಲ್‌ಗಳಲ್ಲಿ ಓಡಾಡುತ್ತಿದ್ದವು. ಚಾನೆಲ್ ನಡೆಸುವವರು ಯಾರು ಅಂತ ಹೇಳಿ ಎಂದು ಕೋರ್ಟ್ ಕೇಳಿತು. ನಮ್ಮ ಸರ್ವರ್ ಸಿಂಗಾಪುರದಲ್ಲಿದೆ, ಬಳಕೆದಾರರ ಖಾಸಗಿತನ ಇದೆ ಅಂತೆಲ್ಲ ಟೆಲಿಗ್ರಾಂ ವಾದ ಮಾಡಿತು, ನಡೆಯಲಿಲ್ಲ. ಕೊನೆಗೆ ಅಡ್ಮಿನ್‌ಗಳ ಹೆಸರು, ಫೋನ್ ನಂಬರ್, ಐಪಿ ವಿಳಾಸ ಕೊಟ್ಟಿತು. ಸೈಟ್ ವಿಳಾಸ ಬದಲಾಯಿಸುತ್ತದೆ, ನಿಮ್ಮ ಸಿಮ್ ಮಾತ್ರ ನಿಮ್ಮ ಆಧಾರ್ ಮೇಲೇ ಇರುತ್ತದೆ ಅಲ್ವಾ?

ಕಾಪಿರೈಟ್ ಕಾಯಿದೆ 63ನೇ ಸೆಕ್ಷನ್ ಪ್ರಕಾರ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ. ಇದರಲ್ಲಿ ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದು, ಜಾಮೀನು ತಾನಾಗಿ ಸಿಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ದುಡ್ಡು ತಗೊಂಡಿಲ್ಲ ಅನ್ನುವುದು ಶಿಕ್ಷೆ ಕಡಿಮೆ ಮಾಡಲು ಕಾರಣ ಆಗಬಹುದು. ತಪ್ಪೇ ಅಲ್ಲ ಅಂತ ಆಗುವುದಿಲ್ಲ.

ಹೊನ್ನಹಳ್ಳ (ಕೋಲಾರ):
ಸುಮ್ನೆ ಹೆದರಿಸಬೇಡಿ ಸಾರ್. ಪೈರೇಟ್ ಬೇ ಅನ್ನೋ ಟೊರೆಂಟ್ ಸೈಟ್ ಮಾಡಿದವರಿಗೆ ಸ್ವೀಡನ್ ಕೋರ್ಟ್ 2009ರಲ್ಲೇ ಜೈಲು ಶಿಕ್ಷೆ ವಿಧಿಸಿತು, ಸೈಟ್ ಆಮೇಲೂ ನಡೆಯಿತು. 2012ರಲ್ಲಿ ಅಮೆರಿಕದವರು ಮೆಗಾಅಪ್‌ಲೋಡ್ ಅನ್ನೋ ಫೈಲ್ ಶೇರಿಂಗ್ ಸೈಟ್ ಮುಚ್ಚಿಸಿದಾಗ ಸ್ವಂತ ಫೈಲ್ ಇಟ್ಟುಕೊಂಡಿದ್ದ ಪಾಪದವರದ್ದೂ ಅದರ ಜೊತೆಗೇ ಹೋಯಿತು. ಮುಚ್ಚಿಸಿ ಯಾರಿಗೆ ಏನು ಲಾಭ? ಓದುವುದಕ್ಕೆ ಝೆರಾಕ್ಸ್ ಮಾಡಿದರೆ ತಪ್ಪಿಲ್ಲ ಅಂತ 2016ರಲ್ಲಿ ಇದೇ ದೆಹಲಿ ಹೈಕೋರ್ಟ್ ಹೇಳಿಲ್ವಾ?

ಕರಿಕೋಟು (ಚಿಕ್ಕಬಳ್ಳಾಪುರ):
ಅದು ದೆಹಲಿ ವಿಶ್ವವಿದ್ಯಾಲಯದ ಪಾಠಕ್ಕೆ ಅಂತ ಮೇಷ್ಟ್ರು ಗುರುತು ಹಾಕಿಕೊಟ್ಟ ಭಾಗಗಳ ಝೆರಾಕ್ಸ್ ಕಟ್ಟು. ಇಡೀ ಗೈಡನ್ನು ಊರಿಗೆಲ್ಲ ಹಂಚುವುದಕ್ಕೆ ಅದನ್ನು ಹಿಡಿದುಕೊಂಡು ಕೋರ್ಟಿಗೆ ಹೋದರೆ ಜಡ್ಜ್ ನಗುತ್ತಾರೆ.

ಅಚ್ಚುಮೊಳೆ (ತಿಪಟೂರು):
ನಾನು ಗೈಡ್ ಬರೆದು ಅಚ್ಚು ಹಾಕಿಸುವವನು. ಹೊನ್ನಹಳ್ಳ ಅವರೇ, ಲಾಭ ಯಾರಿಗೆ ಅಂತ ಕೇಳಿದಿರಲ್ಲ, ಹೇಳುತ್ತೇನೆ. ಪುಸ್ತಕ ಅಂಗಡಿಗೆ ಬಂದ ವಾರಕ್ಕೇ ಅದರ ಪಿಡಿಎಫ್ ನನ್ನ ಫೋನಿಗೇ ಫಾರ್ವರ್ಡ್ ಆಗಿ ಬಂತು. ಪ್ರತಿ ಪುಟದ ಅಂಚಲ್ಲಿ ಸ್ಕ್ಯಾನ್ ಮಾಡಿದವನ ಹೆಬ್ಬೆರಳು. ಕೆಳಗೆ ನಮ್ಮ ನಂಬರ್ ಇದ್ದ ಜಾಗಕ್ಕೆ ಬಿಳಿ ಪಟ್ಟಿ ಎಳೆದು ಮೇಲೆ ಚಾನೆಲ್ ಹೆಸರು. ಪುಕ್ಕಟೆ ಸೇವೆ ಅಂತೆ! ಆ ಹೆಸರು ಯಾಕೆ ಬೇಕಿತ್ತು ಮತ್ತೆ? ಸದಸ್ಯರು ಜಾಸ್ತಿ ಆದ ಮೇಲೆ ಅದೇ ಚಾನೆಲ್‌ನಲ್ಲಿ ಟೆಸ್ಟ್ ಸೀರೀಸ್ ಜಾಹೀರಾತು ಬಂತು. ದೊಡ್ಡ ಪ್ರಕಾಶಕರು ದೆಹಲಿಗೆ ಹೋಗಿ ವಕೀಲರನ್ನು ಇಡುತ್ತಾರೆ. ನಾನು ಲಿಂಕ್ ಒಂದೊಂದಕ್ಕೂ ರಿಪೋರ್ಟ್ ಕೊಡುತ್ತಾ ಕೂರಬೇಕು. ಒಂದು ತೆಗೆಸಿದರೆ ಸಂಜೆಗೆ ಇನ್ನೊಂದು.

ಬಿಎಚ್‌ರೋಡ್_ಓದುಗ (ತುಮಕೂರು):
ಸರ್, ನಮ್ಮ ಚಾನೆಲ್‌ನಲ್ಲಿ ಜಾಹೀರಾತು ಇಲ್ಲ. ಆದರೆ ನಾಲ್ಕು ಪರೀಕ್ಷೆಗೆ ನಾಲ್ಕು ಗೈಡ್ ಕೊಳ್ಳುವಷ್ಟು ದುಡ್ಡು ನಮ್ಮ ಹತ್ತಿರ ಇಲ್ಲ, ಅದೂ ನಿಜ. ಹಾಗಾದರೆ ಏನು ಹಾಕಬಹುದು?

ಕರಿಕೋಟು (ಚಿಕ್ಕಬಳ್ಳಾಪುರ):
ಸರ್ಕಾರಿ ಪಠ್ಯಪುಸ್ತಕ ಇಲಾಖೆಯ ಜಾಲತಾಣದಲ್ಲೇ ಪುಕ್ಕಟೆ ಸಿಗುತ್ತದೆ, ಅದರ ಲಿಂಕ್ ಕೊಡಿ. ಗೆಜೆಟ್, ಕೋರ್ಟ್ ತೀರ್ಪು ಹಾಕಬಹುದು. ನೀವೇ ಕೂತು ನಿಮ್ಮ ಮಾತಲ್ಲಿ ಬರೆದ ನೋಟ್ಸ್ ನಿಮ್ಮದೇ. ಹಳೇ ಪುಸ್ತಕ ಅಂದ ಮಾತ್ರಕ್ಕೆ ಹಾಕಬೇಡಿ. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಮುಳಬಾಗಿಲಿನ ಡಿವಿಜಿ ತೀರಿಕೊಂಡದ್ದು 1975ರಲ್ಲಿ, ಅಂದರೆ ಲೆಕ್ಕ 2035ರ ಕೊನೆಗೆ ಬರುತ್ತದೆ.

ಹಾಕಿರುವ ಗೈಡುಗಳನ್ನು ಇವತ್ತೇ ತೆಗೆಯಿರಿ. ಅಷ್ಟರಲ್ಲಿ ಯಾರದ್ದಾದರೂ ಲೀಗಲ್ ನೋಟಿಸ್ ಬಂದರೆ ನೀವೇ ಉತ್ತರ ಟೈಪ್ ಮಾಡಿ ಕಳಿಸಬೇಡಿ, ಚಾಟ್ ಅಳಿಸಲೂ ಹೋಗಬೇಡಿ, ಹತ್ತಿರದ ವಕೀಲರಿಗೆ ತೋರಿಸಿ.

ಅಚ್ಚುಮೊಳೆ (ತಿಪಟೂರು):
ರೂಮಿನವರು ಸೇರಿ ಒಂದು ಪ್ರತಿ ಕೊಂಡು ಹಂಚಿಕೊಂಡು ಓದಿ, ನನ್ನ ತಕರಾರಿಲ್ಲ. ಹೋದ ವರ್ಷದ ಮುದ್ರಣ ಕಟ್ಟು ಹಾಗೇ ಉಳಿದಿದೆ, ಅರ್ಧ ಬೆಲೆಗೆ ಕೊಡುತ್ತೇನೆ. ಪ್ರಚಲಿತ ಘಟನೆ ಭಾಗ ಮಾತ್ರ ಹಳತು.