ಪೊಲ್ಲೀನಿ ಅವರು ಹೊಸ ಸಂಗೀತದ ಕಡೆಗೆ ಹೊರಳಿದ್ದೇಕೆ?

ಪ್ರಶ್ನೆ:
ಇಟಲಿಯ ಪಿಯಾನೊ ವಾದಕ ಮೌರಿತ್ಸಿಯೊ ಪೊಲ್ಲೀನಿ (1942–2024) ಅವರು 1972ರಲ್ಲಿ ಧ್ವನಿಮುದ್ರಿಸಿದ ಶೋಪ್ಯಾನನ ಎತ್ಯೂದ್‌ಗಳನ್ನು (ಒಂದೊಂದು ಕೌಶಲವನ್ನು ಪಳಗಿಸುವ ಪುಟ್ಟ ಪಿಯಾನೊ ಕೃತಿಗಳನ್ನು) ಬಹುಕಾಲದಿಂದ ಕೇಳುತ್ತಿದ್ದೇನೆ. ಹದಿನೆಂಟನೆಯ ವಯಸ್ಸಿಗೇ, 1960ರಲ್ಲಿ, ವಾರ್ಸಾದ ಶೋಪ್ಯಾನ್ ಸ್ಪರ್ಧೆಯನ್ನು ಗೆದ್ದವರು ಆ ಒಂದು ಹೆಸರಿನ ಮೇಲೆಯೇ ಬದುಕಬಹುದಿತ್ತು. ಆದರೂ ಇಪ್ಪತ್ತನೆಯ ಶತಮಾನದ ಹೊಸ ಬಗೆಯ ಸಂಗೀತ ರಚನಕಾರರಾದ ಶೋನ್‌ಬರ್ಗ್, ಬುಲೇಜ್, ನೋನೊ ಅವರ ಕೃತಿಗಳನ್ನು ದಶಕಗಟ್ಟಲೆ ನುಡಿಸಿದರು. ಇದಕ್ಕೆ ಅವರ ಎಡಪಂಥೀಯ ನಿಲುವು ಕಾರಣವೋ, ಸಂಗೀತದ ಒಳಗಿನ ಕಾರಣವೂ ಇದೆಯೋ?

ಉತ್ತರ 1:
ರಾಜಕೀಯವನ್ನು ತಳ್ಳಿಹಾಕುವಂತಿಲ್ಲ. ವಾದ್ಯವೃಂದದ ನಿರ್ದೇಶಕ ಕ್ಲಾಡಿಯೊ ಅಬ್ಬಾದೊ ಮತ್ತು ಲುಯಿಜಿ ನೋನೊ ಅವರೊಡನೆ ಸೇರಿ ಅವರು ಸಂಗೀತವನ್ನು ಕಾರ್ಮಿಕರ, ವಿದ್ಯಾರ್ಥಿಗಳ ಬಳಿಗೆ, ಕಾರ್ಖಾನೆಗಳವರೆಗೂ ಒಯ್ದರು. ಆದರೆ ನಿಲುವಿಗಾಗಿ ಮಾತ್ರ ನುಡಿಸುವವರು ಹೊಸ ಕೃತಿಯನ್ನು ಪ್ರತ್ಯೇಕ ಸಂಜೆಗೆ ಮೀಸಲಿಟ್ಟು ಕೈತೊಳೆದುಕೊಳ್ಳುತ್ತಾರೆ. ಪೊಲ್ಲೀನಿ ಹಾಗೆ ಮಾಡಲಿಲ್ಲ. 2011ರಲ್ಲಿ ಲಂಡನ್ನಿನಲ್ಲಿ ಅವರು ನೀಡಿದ ಐದು ಕಚೇರಿಗಳ ಸರಣಿಯು ಬಾಖ್‌ನಿಂದ ಬುಲೇಜ್, ಸ್ಟಾಕ್‌ಹೌಸನ್‌ವರೆಗೆ ಹರಡಿತ್ತು. ಹಳತು ಹೊಸತು ಒಂದೇ ಪರಂಪರೆಯವು ಎಂಬ ನಂಬಿಕೆಯಿಲ್ಲದೆ ಅಂಥ ಕಾರ್ಯಕ್ರಮವನ್ನು ಯಾರೂ ಹೆಣೆಯಲಾರರು.

ಉತ್ತರ 2:
ಸಂಗೀತದ ಒಳಗಿನ ಕಾರಣವನ್ನು ಹುಡುಕುವುದಾದರೆ ನೋನೊ ಅವರು 1976ರಲ್ಲಿ ಪೊಲ್ಲೀನಿಗಾಗಿಯೇ ರಚಿಸಿದ ‘ಸೊಫೆರ್ತೆ ಒಂದೆ ಸೆರೆನೆ’ಯನ್ನು ಕೇಳಬೇಕು. ಇದು ಪಿಯಾನೊ ಮತ್ತು ಟೇಪಿಗಾಗಿ ಬರೆದ ಕೃತಿ. ಟೇಪಿನಲ್ಲಿರುವುದೂ ಪೊಲ್ಲೀನಿ ಅವರ ನುಡಿಸಾಣಿಕೆಯೇ, ಅದನ್ನು ಸ್ಟುಡಿಯೊದಲ್ಲಿ ಸಂಸ್ಕರಿಸಲಾಗಿದೆ. ವೇದಿಕೆಯ ಮೇಲಿನ ವಾದಕ ತನ್ನದೇ ನಾದದೊಂದಿಗೆ ಸಂವಾದಕ್ಕಿಳಿಯುತ್ತಾನೆ, ಮತ್ತು ಎಷ್ಟೋ ಕಡೆ ಯಾವುದು ಟೇಪು, ಯಾವುದು ತಂತಿ ಎಂಬುದೇ ತಿಳಿಯುವುದಿಲ್ಲ. ನೋನೊ ಅವರಿಗೆ ವೆನಿಸ್ಸಿನ ಜೂದೆಕ್ಕಾ ದ್ವೀಪದ ಮನೆಯಲ್ಲಿ ನೀರಿನ ಮೇಲಿಂದ ಕೇಳಿಬರುತ್ತಿದ್ದ ಗಂಟೆಗಳ ನಾದವೇ ಇದರ ಪ್ರೇರಣೆ. ಸ್ವರ ಹುಟ್ಟುವುದಕ್ಕಿಂತ ಅದು ಅಡಗುವ ಬಗೆಯ ಮೇಲೆ ನಿಂತ ಇಂಥ ಕೃತಿಯು ಶೋಪ್ಯಾನನ್ನು ನುಡಿಸಿ ಪಳಗಿದ, ಪೆಡಲಿನ ಸೂಕ್ಷ್ಮ ಬಲ್ಲ ಕೈಯನ್ನೇ ಬೇಡುತ್ತದೆ.

ಉತ್ತರ 3:
ಉತ್ತರ 2ರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆಯಿಲ್ಲ. ಪೊಲ್ಲೀನಿ ನುಡಿಸುವ ಶೋಪ್ಯಾನ್ ತೀರ ಕಟ್ಟುನಿಟ್ಟು, ಅಲ್ಲಿ ಆರ್ದ್ರತೆ ಕಡಿಮೆ ಎಂಬ ಆಕ್ಷೇಪ ಹಳೆಯದು; ಅದರಲ್ಲಿ ಹುರುಳಿದೆ ಎಂದೇ ನನ್ನ ಅನಿಸಿಕೆ. ಆದರೆ ಪ್ರತಿ ಎಳೆಯನ್ನೂ ಬಿಡಿಸಿ ತೋರಿಸುವ ಅದೇ ಗುಣ ಬುಲೇಜರ ಎರಡನೆಯ ಸೊನಾಟಾದಲ್ಲಿ ವರವಾಗುತ್ತದೆ, ಏಕೆಂದರೆ ಅಷ್ಟು ದಟ್ಟವಾದ ಬರವಣಿಗೆಯಲ್ಲಿ ಸ್ಪಷ್ಟತೆ ತಪ್ಪಿದರೆ ಉಳಿಯುವುದು ಬರೀ ಗದ್ದಲ. ಪ್ರಶ್ನೆ ಕೇಳಿದವರು ನೋನೊಗೂ ಮೊದಲು ಶೋನ್‌ಬರ್ಗ್‌ನ ಶಿಷ್ಯ ವೇಬರ್ನ್‌ನ 27ನೆಯ ಓಪಸ್‌ನಿಂದ (ಪಿಯಾನೊಗಾಗಿ ಬರೆದ ‘ವೇರಿಯೇಷನ್ಸ್’ನಿಂದ) ತೊಡಗಲಿ. ಕೆಲವೇ ನಿಮಿಷಗಳ ಕೃತಿಯದು, ಸ್ಟ್ರಾವಿನ್ಸ್ಕಿ, ಪ್ರೊಕೊಫಿಯೆವ್, ಬುಲೇಜರೊಡನೆ ಒಂದೇ ಸಿ.ಡಿ.ಯಲ್ಲಿ ಸಿಗುತ್ತದೆ.